ನೀರುನಾಯಿ ಏಕೆ ಸುಮ್ಮನಿತ್ತು? – ಒಂದು ಅಭ್ಯಾಸ ಪಾಠದ ಬಗ್ಗೆ

ಎಂಟನೇ ತರಗತಿ ವಿಜ್ಞಾನದ ‘ಬಲ ಮತ್ತು ಒತ್ತಡ’ ಪಾಠವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಬಾಟಲಿಗೆ ಮೂರು ತೂತು ಕೊರೆದು ತರುತ್ತಾರೆ. ಕೆಳಗಿನ ತೂತಿನಿಂದ ನೀರು ಜೋರಾಗಿ ಚಿಮ್ಮುತ್ತದೆ, ಆಳ ಹೆಚ್ಚಿದಂತೆ ಒತ್ತಡ ಹೆಚ್ಚು ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. (ಬಾಟಲಿಯನ್ನು ಮೇಜಿನ ನಡುವೆ ನೇರವಾಗಿ ಇಟ್ಟರೆ ನಡುವಿನ ತೂತಿನ ನೀರೇ ದೂರ ಬೀಳುತ್ತದೆ, ಎತ್ತರದ ಸ್ಟೂಲಿನ ಮೇಲಿಡಿ ಎಂದು ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷ ಯಾರಾದರೊಬ್ಬರು ಮರೆಯುತ್ತಾರೆ.)

ಈ ಸಲ ಒಬ್ಬ ಪ್ರಶಿಕ್ಷಣಾರ್ಥಿ ಬಾಟಲಿಯ ಜೊತೆಗೆ ಲ್ಯಾಪ್‌ಟಾಪನ್ನೂ ತಂದಿದ್ದಳು. ಐಸಿಟಿ ಪತ್ರಿಕೆಯ ಪ್ರಾಯೋಗಿಕ ಕೆಲಸಕ್ಕೆಂದು ತಾನೇ ಚಿತ್ರ ಬಿಡಿಸಿ, ಚಲಿಸುವಂತೆ ಮಾಡಿ, ಗೆಳತಿಯರ ದನಿ ಸೇರಿಸಿದ ಆರು ನಿಮಿಷದ ಅನಿಮೇಷನ್ ಸಾಹಸಕಥೆ. ಹಡಗಿನ ಆಕಾರವನ್ನು ಜೂಲ್ಸ್ ವರ್ನ್ 1870ರ ಕಾದಂಬರಿಯಲ್ಲಿ ಕಲ್ಪಿಸಿದ ನಾಟಿಲಸ್ ಜಲಾಂತರ್ಗಾಮಿಯಿಂದ ತೆಗೆದುಕೊಂಡಿದ್ದಳು. ಕಥೆ ಅವಳದೇ.

ಜಲಾಂತರ್ಗಾಮಿಯ ಕ್ಯಾಪ್ಟನ್ ಒಂದು ಮುದಿ ಆಮೆ. ಆಳಮಾಪಕ ನೋಡಿ ಅಳತೆ ಕೂಗಿ ಹೇಳುವ ಕೆಲಸ ಮೊದಲಿನಿಂದ ನೀರುನಾಯಿಯದು. ಹೊಸದಾಗಿ ಬಂದ ಅಳಿಲಿಗೆ ಲೆಕ್ಕ ಚುರುಕು, ಕ್ಯಾಪ್ಟನ್ ಆ ಕೆಲಸವನ್ನು ಅದಕ್ಕೆ ಕೊಟ್ಟು ನೀರುನಾಯಿಯನ್ನು ಗಾಳಿಯ ಕವಾಟಗಳ ಬಳಿ ನಿಲ್ಲಿಸುತ್ತದೆ. ನೀರುನಾಯಿಗೆ ಹೊಟ್ಟೆಕಿಚ್ಚು. ರಾತ್ರಿ ಮಾಪಕದ ಮುಳ್ಳನ್ನು 20 ಮೀಟರ್ ಕಡಿಮೆ ತೋರಿಸುವಂತೆ ತಿರುಗಿಸಿಡುತ್ತದೆ. ಬೆಳಿಗ್ಗೆ ಕ್ಯಾಪ್ಟನ್ ಎರಡನೇ ಮಾಪಕದ ಜೊತೆ ತಾಳೆ ನೋಡಿದಾಗ ಅಳಿಲಿಗೆ ನಾಲ್ಕು ಮಾತು ಬೀಳಲಿ, ಅಷ್ಟೇ ಅದರ ಆಸೆ. ಆದರೆ ಅಳಿಲಿನ ಮೇಲೆ ನಂಬಿಕೆ ಇಟ್ಟ ಕ್ಯಾಪ್ಟನ್ ಅಂದು ತಾಳೆ ನೋಡುವುದೇ ಇಲ್ಲ. 80 ಮೀಟರಿಗೆ ಇಳಿದೆವು ಅಂದುಕೊಂಡ ಹಡಗು 100 ಮೀಟರಿನಲ್ಲಿರುತ್ತದೆ. ಕಿಟಕಿಯ ರಬ್ಬರು ಬಿಟ್ಟುಕೊಂಡು ನೀರು ಒಳಗೆ ಬರುತ್ತದೆ. ‘ಅಳತೆ ಸರಿ ಇದೆಯೇ?’ ಎಂದು ಕ್ಯಾಪ್ಟನ್ ಮೂರು ಸಲ ಕೇಳುತ್ತದೆ. ಮೂರು ಸಲವೂ ಅಳಿಲು ‘80’ ಅನ್ನುತ್ತದೆ. ನೀರುನಾಯಿ ಸುಮ್ಮನಿರುತ್ತದೆ. ನೀರು ಮೊಣಕಾಲಿಗೆ ಬಂದಾಗ ಬಾಯಿ ಬಿಡುತ್ತದೆ. ಒತ್ತಿಟ್ಟ ಗಾಳಿಯನ್ನು ತೊಟ್ಟಿಗಳಿಗೆ ನುಗ್ಗಿಸಿ ಅಲ್ಲಿನ ನೀರನ್ನು ಹೊರತಳ್ಳಿ ಮೇಲೇಳುತ್ತಾರೆ. ಅದೂ ಸಾಲದೆ, ಭಾರ ಇಳಿಸಲು ಎಂಟು ತಿಂಗಳು ಕೂಡಿಸಿದ ಸಮುದ್ರಸಸ್ಯಗಳ ಪೆಟ್ಟಿಗೆಯನ್ನು ಬಿಟ್ಟುಬಿಡಬೇಕಾಗುತ್ತದೆ.

ವಿಜ್ಞಾನದ ಭಾಗ ಚೆನ್ನಾಗಿಯೇ ನಡೆಯಿತು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಭಾರದಷ್ಟು ಒತ್ತಡ ಹೆಚ್ಚುತ್ತದೆ. ಕಿಟಕಿ 30 ಸೆಂಟಿಮೀಟರ್ ಚೌಕ, ಅಂದರೆ 900 ಚದರ ಸೆಂಟಿಮೀಟರ್. ಗೊತ್ತಿಲ್ಲದೆ ಇಳಿದ 20 ಮೀಟರಿಗೆ ಹೆಚ್ಚುವರಿ ಭಾರ 1800 ಕಿಲೋ. ‘ಹದಿನೆಂಟು ಕ್ವಿಂಟಾಲ್ ಜೋಳ, ಮಿಸ್! ಕಿಟಕಿ ಮೇಲೆ!’ ಎಂದ ಒಬ್ಬ ಹುಡುಗ. ಬಾಟಲಿಯ ತೂತು ಇದನ್ನು ಎಂದೂ ಹೇಳಿಸಿರಲಿಲ್ಲ.

ಆಮೇಲೆ ಅವಳು ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ ಕೇಳಿದಳು: ‘ತಪ್ಪು ಯಾರದು?’ ತರಗತಿಯೇ ಎದ್ದು ನಿಂತಿತು. ಎಲ್ಲರದೂ ಒಂದೇ ಉತ್ತರ, ನೀರುನಾಯಿಯದು, ಅದನ್ನು ಹಡಗಿನಿಂದ ಇಳಿಸಬೇಕು. ‘ಪೆಟ್ಟಿಗೆ ಉಳಿದಿದ್ದರೆ?’ ಎಂದಳು. ಅರ್ಧ ಮಂದಿ ಮೆತ್ತಗಾದರು: ಹಾಗಿದ್ದರೆ ಬೈದು ಬಿಟ್ಟರೆ ಸಾಕು. ಆಗ ಎರಡನೇ ಸಾಲಿನ ಹುಡುಗಿಯೊಬ್ಬಳು, ‘ಮಿಸ್, ಮುಳ್ಳು ತಿರುಗಿಸಿದ್ದು ಒಂದು ಸಲ. ಸುಮ್ಮನಿದ್ದದ್ದು ಮೂರು ಸಲ. ನೀವು ಒಂದು ಸಲದ್ದೇ ಕೇಳ್ತಿದ್ದೀರಿ’ ಎಂದಳು. ‘ನೀನಾಗಿದ್ದರೆ ಹೇಳ್ತಿದ್ದೆಯಾ?’ ಎಂದು ಹಿಂದಿನ ಬೆಂಚಿನ ಒಬ್ಬನನ್ನು ಕೇಳಿದ್ದಕ್ಕೆ ಅವನು ತಲೆ ತಗ್ಗಿಸಿಕೊಂಡೇ ಹೇಳಿದ: ‘ಇಲ್ಲ ಮಿಸ್. ಹೇಳಿದ್ರೆ ಹೊಟ್ಟೆಕಿಚ್ಚು ಪಟ್ಟಿದ್ದು ಗೊತ್ತಾಗತ್ತಲ್ಲ.’

ಗಂಟೆ ಹೊಡೆಯಿತು. ಮೌಲ್ಯಮಾಪನ ಹಂತ ಆಗಲೇ ಇಲ್ಲ, ಗೃಹಪಾಠ ಕೊಡಲಿಲ್ಲ. ನಾನು ವೀಕ್ಷಣಾ ಪುಸ್ತಕದಲ್ಲಿ ‘ವಿಷಯಾಂತರ, ಸಮಯ ನಿರ್ವಹಣೆ ಸಾಲದು’ ಎಂದು ಬರೆದು, ಅದಕ್ಕೆ ತಕ್ಕ ಅಂಕ ಕೊಟ್ಟು ಎದ್ದು ಬಂದೆ.

ಎರಡು ವಾರದ ನಂತರ ಪಿಯಾಜೆಯ ನೈತಿಕ ವಿಕಾಸದ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳುವಾಗ ಆ ತರಗತಿ ಮತ್ತೆ ಕಣ್ಣ ಮುಂದೆ ಬಂತು. 1932ರ ಪುಸ್ತಕದಲ್ಲಿ ಪಿಯಾಜೆ ಮಕ್ಕಳಿಗೆ ಜೋಡಿ ಕಥೆಗಳನ್ನು ಹೇಳಿ ಯಾರು ಹೆಚ್ಚು ತಪ್ಪಿತಸ್ಥ ಎಂದು ಕೇಳಿದ್ದು ನಮಗೆಲ್ಲ ಗೊತ್ತು. ಬಾಗಿಲ ಹಿಂದೆ ಕಪ್ಪುಗಳಿರುವುದು ತಿಳಿಯದೆ ಬಾಗಿಲು ತಳ್ಳಿ 15 ಕಪ್ ಒಡೆದ ಹುಡುಗನೇ, ಅಥವಾ ಕದ್ದು ಜಾಮ್ ತೆಗೆಯಲು ಹೋಗಿ ಒಂದೇ ಕಪ್ ಒಡೆದ ಹುಡುಗನೇ? ಚಿಕ್ಕ ಮಕ್ಕಳು 15ರ ಕಡೆಗೆ ಬೆರಳು ತೋರಿಸುತ್ತಾರೆ, ದೊಡ್ಡವರಾದಂತೆ ಉದ್ದೇಶವನ್ನು ನೋಡುತ್ತಾರೆ. ಪರೀಕ್ಷೆಗೆ ನಾವು ಇಷ್ಟನ್ನೇ ಬರೆಸುತ್ತೇವೆ. ಆದರೆ ಪೆಟ್ಟಿಗೆ ಉಳಿದಿದ್ದರೆ ಶಿಕ್ಷೆ ಕಡಿಮೆ ಎಂದವರು ಹದಿಮೂರು ವರ್ಷದ ಮಕ್ಕಳು. ನಷ್ಟದ ಲೆಕ್ಕ ಅಷ್ಟು ಸುಲಭವಾಗಿ ಮನಸ್ಸಿನಿಂದ ಇಳಿಯುವುದಿಲ್ಲ. ಉದ್ದೇಶ ಕೆಟ್ಟದ್ದು, ಆದರೆ ಇಷ್ಟು ದೊಡ್ಡ ನಷ್ಟ ಬೇಕಿರಲಿಲ್ಲ ಎಂಬಂಥ ಕಥೆ ಆ ಜೋಡಿಗಳಿಗಿಂತ ತೊಡಕಿನದು. ಹೊಟ್ಟೆಕಿಚ್ಚಿನ ತಪ್ಪುಗಳು ಹೆಚ್ಚಾಗಿ ಹೀಗೇ ಇರುತ್ತವೆ.

ಕನ್ನಡದಲ್ಲಿ ಹೊಟ್ಟೆಕಿಚ್ಚು ಎಂಬ ಒಂದೇ ಮಾತಿನಲ್ಲಿ ನಾವು ಎರಡನ್ನು ಹೇಳುತ್ತೇವೆ. ಇನ್ನೊಬ್ಬರ ಹತ್ತಿರ ಇರುವುದು ನನಗಿಲ್ಲವಲ್ಲ ಎಂಬುದು ಒಂದು. ನನಗಿದ್ದ ಜಾಗ ಇನ್ನೊಬ್ಬರಿಗೆ ಹೋಗುತ್ತದಲ್ಲ ಎಂಬ ಭಯ ಇನ್ನೊಂದು. ನೀರುನಾಯಿಯದು ಎರಡನೆಯದು. 1995ರ ‘ಟಾಯ್ ಸ್ಟೋರಿ’ ಅನಿಮೇಷನ್ ಚಿತ್ರದ ವುಡಿ ಎಂಬ ಗೊಂಬೆಯದೂ ಅದೇ. ಹೊಸ ಗೊಂಬೆ ಬಝ್ ಬಂದು ಹುಡುಗನ ಮೆಚ್ಚುಗೆಯನ್ನೆಲ್ಲ ತೆಗೆದುಕೊಳ್ಳುತ್ತದೆ. ವುಡಿ ಅದನ್ನು ಮೇಜಿನ ಹಿಂದಕ್ಕೆ ಬೀಳಿಸಲು ನೋಡಿದರೆ ಅದು ಕಿಟಕಿಯಾಚೆಗೇ ಬೀಳುತ್ತದೆ. ಮೊದಲ ಕರಡಿನಲ್ಲಿ ವುಡಿ ಬೇಕೆಂದೇ ಎಸೆಯುತ್ತಿತ್ತು. 1993ರಲ್ಲಿ ಅದನ್ನು ನೋಡಿದ ಡಿಸ್ನಿಯವರಿಗೆ ಆ ಪಾತ್ರವೇ ಹಿಡಿಸದೆ, ಕೆಲಸ ನಿಲ್ಲಿಸಿ ಕಥೆ ತಿದ್ದಬೇಕಾಯಿತು. ತಿದ್ದಿದ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ: ಹೀಗಾಗಲಿ ಎಂದು ಮಾಡಿದ್ದಲ್ಲ ಎಂದು ವುಡಿ ಎಷ್ಟು ಹೇಳಿದರೂ ಉಳಿದ ಗೊಂಬೆಗಳು ನಂಬುವುದಿಲ್ಲ. ಅದರ ಹೊಟ್ಟೆಕಿಚ್ಚು ಅವುಗಳಿಗೆ ಮೊದಲೇ ಗೊತ್ತು.

ಹಿಂದಿನ ಬೆಂಚಿನ ಹುಡುಗ ಹೇಳಿದ್ದು ಇದನ್ನೇ. ಅಜಾಗರೂಕತೆಯಿಂದಾದ ತಪ್ಪನ್ನು ‘ಗೊತ್ತಾಗಲಿಲ್ಲ’ ಎಂದು ಒಪ್ಪಿಕೊಳ್ಳಬಹುದು. ಹೊಟ್ಟೆಕಿಚ್ಚಿನಿಂದಾದ ತಪ್ಪನ್ನು ಹೇಳಬೇಕಾದರೆ ಹೊಟ್ಟೆಕಿಚ್ಚನ್ನೂ ಹೇಳಬೇಕು, ಅದೇ ಹೆಚ್ಚು ನಾಚಿಕೆ. ಹಾಗಾಗಿ ಬಾಯಿ ಕಟ್ಟುತ್ತದೆ. ದಡದ ಮೇಲಾದರೆ ಎರಡು ದಿನ ಸುಮ್ಮನಿದ್ದರೂ ನಡೆದೀತು, 100 ಮೀಟರ್ ನೀರಿನಡಿಯಲ್ಲಿ ಪ್ರತಿ ನಿಮಿಷಕ್ಕೂ ಬೆಲೆ ಇದೆ. ಅವಳು ಜಲಾಂತರ್ಗಾಮಿಯನ್ನು ಆರಿಸಿದ್ದು ಒತ್ತಡದ ಪಾಠಕ್ಕಾಗಿ. ಆದರೆ ಈ ಮೌನ ಎಷ್ಟು ದುಬಾರಿ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಇಲ್ಲಿ ನನ್ನದೊಂದು ಮಾತು ಬರೆಯಲೇಬೇಕು. ಅಂದು ನಾನು ಬರೆದ ‘ವಿಷಯಾಂತರ’ ಪೂರ್ತಿ ಸುಳ್ಳಲ್ಲ, ಯೋಜನೆ ನಿಜವಾಗಿಯೂ ಹಳಿ ತಪ್ಪಿತ್ತು. ಆದರೆ ಇಪ್ಪತ್ತು ವರ್ಷದ ನನ್ನ ಬೋಧನೆಯಲ್ಲಿ ಒಂದು ತರಗತಿಯೂ ಹಾಗೆ ಎದ್ದು ನಿಂತದ್ದಿಲ್ಲ. ಕೊನೆಯ ಬೆಂಚಿನಲ್ಲಿ ಕೂತು ಅದನ್ನು ನೋಡುವಾಗ ನನಗೆ ಸಂತೋಷವಾಗಿರಲಿಲ್ಲ. ಕೊಟ್ಟ ಅಂಕದಲ್ಲಿ ಅದೂ ಸೇರಿತ್ತು. ತಿಳಿದ ಮೇಲೂ ನಾಲ್ಕು ದಿನ ಸುಮ್ಮನಿದ್ದೆ. ತಿದ್ದಬೇಕಾದರೆ ಏಕೆ ಎಂದು ಹೇಳಬೇಕಿತ್ತು. ಐದನೇ ದಿನ ಕಚೇರಿಗೆ ಹೋಗಿ ಕೇಳಿದಾಗ ಆಂತರಿಕ ಅಂಕಗಳ ಪಟ್ಟಿ ಹಿಂದಿನ ಸಂಜೆಯೇ ಹೋಗಿತ್ತು. ತಿದ್ದುಪಡಿಗೆ ಪತ್ರ ಬರೆದುಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಅವಳನ್ನು ಕರೆದು ಕಾರಣವನ್ನೂ ಸೇರಿಸಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಮೇಡಂ, ಇನ್ನೊಂದು ವಿಭಾಗದಲ್ಲಿ ಈ ಪಾಠ ಮತ್ತೆ ಮಾಡಬಹುದಾ?’ ಎಂದಳು.

ಮಾಡಿದಳು. ಈ ಸಲ ಇಬ್ಬರೂ ಕೂತು ಯೋಜನೆ ಬರೆದೆವು. ಪಾಠವನ್ನು ಎರಡು ಅವಧಿಗೆ ಹರಡಿದೆವು, ಮೊದಲನೆಯದು ಪೂರ್ತಿ ಒತ್ತಡದ ಲೆಕ್ಕಕ್ಕೆ. ಎರಡನೆಯದರಲ್ಲಿ ‘ತಪ್ಪು ಯಾರದು?’ ಎಂಬ ಪ್ರಶ್ನೆಯನ್ನೇ ತೆಗೆದೆವು. ಕ್ಯಾಪ್ಟನ್ ಮೊದಲ ಸಲ ‘ಅಳತೆ ಸರಿ ಇದೆಯೇ?’ ಎಂದಾಗ ಚಿತ್ರ ನಿಲ್ಲಿಸಿ, ನೀರುನಾಯಿ ಈಗ ಯಾವ ಮಾತಿನಿಂದ ಶುರು ಮಾಡಬಹುದು ಎಂದು ಹೆಸರಿಲ್ಲದ ಚೀಟಿಯಲ್ಲಿ ಬರೆಯಲು ಹೇಳಿದೆವು. ಹೆಚ್ಚಿನವು ‘ಕ್ಷಮಿಸಿ’ ಎಂದೇ ಶುರುವಾಗಿದ್ದವು. ಒಂದರಲ್ಲಿ, ‘ಮೊದಲು ಮೇಲೆ ಹೋಗೋಣ, ಆಮೇಲೆ ಹೇಳ್ತೀನಿ’ ಎಂದಿತ್ತು. ಇನ್ನೊಂದರಲ್ಲಿ ಕ್ಯಾಪ್ಟನ್ನಿಗೇ ಮಾತು ಬರೆದಿದ್ದರು: ‘ಯಾರು ಮಾಡಿದ್ದು ಅಂತ ಕೇಳಲ್ಲ, ಎಷ್ಟು ಮೀಟರ್ ಅಂತ ಮಾತ್ರ ಹೇಳಿ.’ ಆ ಚೀಟಿಯನ್ನು ಅವಳು ತನ್ನ ಪಾಠಯೋಜನೆಗೆ ಅಂಟಿಸಿಕೊಂಡಿದ್ದಾಳೆ.