ಸಾಕುಮೊಲವು ಕರಾವಳಿಯ ಮನೆಗಳಿಗೆ ತಕ್ಕುದೆ?

ಮೊಲವನ್ನು ಸಾಕಬೇಕೆಂಬ ಆಶೆಯು ಸಾಮಾನ್ಯವಾಗಿ ಮನೆಯ ಮಕ್ಕಳಲ್ಲಿ ಹುಟ್ಟುತ್ತದೆ. ಅದರ ಭಾರವಾದರೋ ಯಜಮಾನನ ಮೇಲೆಯೇ ಬೀಳುತ್ತದೆ. ಸಾಸ್ತಾನ, ಕೋಟ, ಪಾಂಡೇಶ್ವರಗಳ ಕಡೆಯಲ್ಲಿ ಹಟ್ಟಿಗೂ ಅಂಗಳಕ್ಕೂ ಹುಲ್ಲಿಗೂ ಕೊರತೆಯಿಲ್ಲದ ಜಮೀನುದಾರರು, ದನಗಳನ್ನು ಸಾಕುವ ಮನೆಗೆ ಒಂದು ಮೊಲವು ಹೊರೆಯೇ ಎಂದು ಭಾವಿಸುವುದು ಸಹಜ. ಆದರೆ ಈ ಪ್ರಾಣಿಯ ವಿಷಯದಲ್ಲಿ ಸ್ಥಳಕ್ಕಿಂತಲೂ ಹವೆಯೇ ಮುಖ್ಯ. ಅದನ್ನು ಮೊದಲು ವಿಚಾರಿಸಿ, ಅನಂತರವೇ ಮೊಲವನ್ನು ತರತಕ್ಕದ್ದು.

ಇಲ್ಲಿಯ ಹಾಡಿಗಳಲ್ಲಿರುವ ಕಾಡುಮೊಲವೂ ಪೇಟೆಯಲ್ಲಿ ಮಾರುವ ಸಾಕುಮೊಲವೂ ಹೆಸರಿನಿಂದ ಒಂದಾದರೂ ಜಾತಿಯಿಂದ ಬೇರೆ. ಸಾಕುಮೊಲದ ಮೂಲವು ಯುರೋಪು ಖಂಡ. ಅದರ ಮರಿಗಳು ರೋಮವಿಲ್ಲದೆ, ಕಣ್ಣು ಮುಚ್ಚಿಕೊಂಡು ಗೂಡಿನಲ್ಲಿ ಹುಟ್ಟುತ್ತವೆ. ಕಾಡುಮೊಲದ ಮರಿಗಳಾದರೋ ಬಯಲಿನಲ್ಲಿಯೇ ಕಣ್ಣು ತೆರೆದು ಹುಟ್ಟುತ್ತವೆ. ತಾಯಿಯು ದಿನದ ಬಹುಭಾಗ ದೂರವಿದ್ದು, ಹಾಲೂಡುವುದಕ್ಕೆ ಮಾತ್ರ ಬರುತ್ತದೆ. ಹುಲ್ಲು ಕೊಯ್ಯುವಾಗ ಒಂಟಿಯಾಗಿ ಕಂಡ ಮರಿಯನ್ನು ತಬ್ಬಲಿಯೆಂದು ತಿಳಿದು ಮನೆಗೆ ತಂದರೆ, ಅಂಜಿಕೆಯಿಂದಲೂ ಒಗ್ಗದ ಹಾಲಿನಿಂದಲೂ ಅದು ಸಾಯುವುದೇ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಕಾಡುಮೊಲವನ್ನು ಹಿಡಿಯುವುದು ಅಪರಾಧವೂ ಹೌದು. ಅಂಥ ಮರಿಯನ್ನು ಕಂಡಲ್ಲಿಯೇ ಬಿಡುವಂತೆ ಊರಿನ ಮುಖ್ಯಸ್ಥರು ಕೆಲಸದಾಳುಗಳಿಗೂ ಮಕ್ಕಳಿಗೂ ತಿಳಿಯಹೇಳಬೇಕು.

ಸಾಕುಮೊಲಕ್ಕೆ ಸುಮಾರು 15ರಿಂದ 25 ಡಿಗ್ರಿ ಸೆಂಟಿಗ್ರೇಡಿನ ಹವೆಯು ಹಿತಕರ. 30 ಡಿಗ್ರಿಯನ್ನು ದಾಟಿದರೆ ಕಷ್ಟಪಡುತ್ತದೆ. 35ರ ಸಮೀಪದಲ್ಲಿ ಪ್ರಾಣಕ್ಕೇ ಅಪಾಯ. ಮನುಷ್ಯನಂತೆ ಅದಕ್ಕೆ ಮೈ ಬೆವರುವುದಿಲ್ಲ. ಮೈಯ ಕಾವನ್ನು ಹೆಚ್ಚಾಗಿ ಕಿವಿಗಳ ಮೂಲಕವೇ ಹೊರಹಾಕಬೇಕು. ಆದುದರಿಂದ ಫ್ಯಾನಿನ ಗಾಳಿಯು ಮನುಷ್ಯನಿಗೆ ಕೊಡುವ ಸುಖವನ್ನು ಮೊಲಕ್ಕೆ ಕೊಡಲಾರದು. ತಮಿಳುನಾಡಿನಲ್ಲಿ ಮೊಲಗಳನ್ನು ಸಾಕಿ ಪರೀಕ್ಷಿಸುವ ಕೇಂದ್ರ ಸರಕಾರದ ಸಂಶೋಧನಾ ಕೇಂದ್ರವು ಕೊಡೈಕೆನಾಲ್ ಬೆಟ್ಟಸಾಲಿನ ಮನ್ನವನೂರಿನಲ್ಲಿದೆಯೆಂಬುದನ್ನು ಗಮನಿಸಿದರೆ, ಈ ಪ್ರಾಣಿಗೆ ಒಗ್ಗುವ ಹವೆ ಎಂಥದೆಂಬುದು ತಿಳಿದೀತು. ಕರಾವಳಿಯ ಸೆಕೆಯಲ್ಲಿ, ಅದರಲ್ಲಿಯೂ ತಗಡಿನ ಮಾಡಿನ ಕೆಳಗೆ, ಮಧ್ಯಾಹ್ನದ ಹೊತ್ತು ಪಂಜರದಲ್ಲಿಟ್ಟ ಮೊಲವನ್ನು ಕೊಂದಂತೆಯೇ ಸರಿ.

ಇನ್ನು ಮಳೆಗಾಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವುದುಂಟು. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಸದಾ ತೇವವಿರುವ ಪಂಜರದಲ್ಲಿ ಮೊಲಕ್ಕೆ ಕಜ್ಜಿ, ಪಾದದ ಹುಣ್ಣು, ಶೀತ, ಎಳೆಮರಿಗಳಿಗೆ ಮಾರಕವಾದ ಭೇದಿ ಇವು ತಪ್ಪವು. ಬರಿಯ ತಂತಿಯ ತಳವು ಕಾಲಿಗೆ ಒತ್ತುವುದರಿಂದ ಮೇಲೆ ಒಣ ಹಲಗೆಯನ್ನಾಗಲಿ ಹುಲ್ಲನ್ನಾಗಲಿ ಹಾಸಿ, ಒದ್ದೆಯಾದೊಡನೆ ಬದಲಾಯಿಸತಕ್ಕದ್ದು.

ಮೊಲದ ಮುಖ್ಯ ಆಹಾರವು ಒಣಹುಲ್ಲು. ಚಿತ್ರಗಳಲ್ಲಿ ಕಾಣುವ ಕ್ಯಾರೆಟ್ಟಲ್ಲ. ಅದರ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತವೆ. ನಾರುಳ್ಳ ಹುಲ್ಲನ್ನು ದಿನವಿಡೀ ಅಗಿದರೆ ಮಾತ್ರ ಸವೆದು ಅಳತೆಯಲ್ಲಿರುತ್ತವೆ. ಭತ್ತದ ಬೈಹುಲ್ಲಿನಲ್ಲಿ ಸತ್ತ್ವವು ಕಡಿಮೆ. ಗರಿಕೆ ಮೊದಲಾದ ಒಳ್ಳೆಯ ಹುಲ್ಲನ್ನು ಮಳೆಯ ಮೊದಲೇ ಒಣಗಿಸಿ ಕೂಡಿಡಬೇಕು. ಭತ್ತದ ಕೊಯ್ಲಿನ ಬಳಿಕ ನೆಲಗಡಲೆ ಬಿತ್ತುವ ಸಾಸ್ತಾನದ ಬದಿಯವರಿಗೆ ಅದರ ಬಳ್ಳಿಯು ಸುಲಭವಾಗಿ ದೊರೆಯುತ್ತದೆ. ಅದು ಪುಷ್ಟಿಕರವಾದರೂ ಸ್ವಲ್ಪವೇ ಕೊಡತಕ್ಕದ್ದು, ಬೂಸಲು ಹಿಡಿದುದನ್ನು ಎಂದಿಗೂ ಕೊಡಬಾರದು. ಅನ್ನ, ಗಂಜಿ, ಸಿಹಿತಿಂಡಿಗಳು ವರ್ಜ್ಯ. ಮೊಲವು ರಾತ್ರಿಯಲ್ಲಿ ತನ್ನದೇ ಮೆತ್ತನೆಯ ಹಿಕ್ಕೆಯನ್ನು ತಿನ್ನುವುದನ್ನು ಕಂಡು ಕೆಲವರು ಹೇಸುವರು. ಅದು ರೋಗವಲ್ಲ, ಹುಲ್ಲನ್ನು ಎರಡನೆಯ ಸಲ ಜೀರ್ಣಿಸಿಕೊಳ್ಳುವ ಸ್ವಭಾವ. ಆದರೆ ಒಂದು ಹಗಲು ಮೇವು ಬಿಟ್ಟಿತೆಂದರೆ ನಾಳೆಯವರೆಗೆ ಕಾಯದೆ ವೈದ್ಯರಿಗೆ ತೋರಿಸಬೇಕು. ದನಗಳಿಗೆ ಚಿಕಿತ್ಸೆ ಮಾಡುವ ಸಮೀಪದ ಪಶುವೈದ್ಯರು ಮೊಲವನ್ನೂ ನೋಡುವರೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ತಿನ್ನಿಸಿದರೂ, ನಾಯಿಯ ಉಣ್ಣೆಗೆ ಹಚ್ಚುವ ಫಿಪ್ರೊನಿಲ್ ಔಷಧವನ್ನು ಹಚ್ಚಿದರೂ ಮೊಲವು ಸಾಯಬಹುದು.

ಮಕ್ಕಳು ಎತ್ತಿಕೊಂಡಾಗ ಮೊಲವು ಹಿಂಗಾಲುಗಳನ್ನು ಝಾಡಿಸಿ ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳುವುದುಂಟು. ಅದು ನೆಲದಲ್ಲಿ ಬಳಿ ಕುಳಿತು ನೋಡತಕ್ಕ ಪ್ರಾಣಿ, ಹೊತ್ತು ತಿರುಗತಕ್ಕುದಲ್ಲ. ಒಂಟಿಯಾಗಿಟ್ಟರೆ ಸೊರಗುತ್ತದೆ, ಗಂಡು ಹೆಣ್ಣುಗಳನ್ನು ಕೂಡಿಟ್ಟರೆ 31 ದಿನಗಳಿಗೊಮ್ಮೆ ಮರಿಗಳಾಗಬಹುದು. ಆದುದರಿಂದ ಎರಡನ್ನು ಸಾಕುವವರು ಗಂಡಿಗೆ ಬೀಜ ತೆಗೆಸುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕು. ಚೆನ್ನಾಗಿ ನೋಡಿಕೊಂಡ ಮೊಲವು 8ರಿಂದ 10 ವರ್ಷ ಬದುಕುತ್ತದೆ. ಇಂದು ಬೇಡಿದ ಹುಡುಗನು ಅಷ್ಟರಲ್ಲಿ ಓದಿಗಾಗಿ ಬೆಂಗಳೂರಿಗೆ ಹೋಗಿರುವನು. ಬೇಡವಾದ ಮೊಲವನ್ನು ಹಾಡಿಗೆ ಬಿಡುವುದು ನಾಯಿಗೂ ಹೆಬ್ಬಾವಿಗೂ ಆಹಾರ ಕೊಟ್ಟಂತೆ. ಒಂದು ವೇಳೆ ಬದುಕಿ ಹೆಚ್ಚಿದರೆ ಏನಾಗುವುದೆಂಬುದನ್ನು, 1859ರಲ್ಲಿ ಬೇಟೆಗಾಗಿ ಮೊಲಗಳನ್ನು ಬಿಟ್ಟುಕೊಂಡ ಆಸ್ಟ್ರೇಲಿಯದ ರೈತರು ಇಂದಿಗೂ ಅನುಭವಿಸುತ್ತಿರುವರು.

ಹೀಗಿರುವಲ್ಲಿ, ಇಚ್ಛೆಯುಳ್ಳವರು ಒಂದು ಸುಲಭ ಪರೀಕ್ಷೆಯನ್ನು ಮಾಡಿ ನೋಡಬಹುದು. ಮೊಲವನ್ನಿಡಬೇಕೆಂದಿರುವ ಸ್ಥಳದಲ್ಲಿ ಏಪ್ರಿಲ್ ತಿಂಗಳ ಒಂದು ವಾರ ಉಷ್ಣಮಾಪಕವನ್ನು ತೂಗಹಾಕಿ, ಮಧ್ಯಾಹ್ನ 3 ಗಂಟೆಗೆ ನೋಡಿ ಬರೆದಿಡಬೇಕು. ಜುಲೈಯಲ್ಲಿ ಅದೇ ಸ್ಥಳದಲ್ಲಿ ಒಂದು ಹಿಡಿ ಒಣಹುಲ್ಲನ್ನು ಎಂಟು ದಿನ ಇರಿಸಿ ಮೂಸಬೇಕು. ಉಷ್ಣವು 30 ಡಿಗ್ರಿಯ ಮೇಲೆಯೇ ನಿಂತರೆ, ಇಲ್ಲವೆ ಹುಲ್ಲಿಗೆ ಬೂಸಲು ಹಿಡಿದರೆ, ಆ ಮನೆಗೆ ಮೊಲವು ತಕ್ಕುದಲ್ಲ. ಈ ಸೀಮೆಯ ಹೆಚ್ಚಿನ ಮನೆಗಳು ಇದರಲ್ಲಿ ಸೋಲುವುವು. ದಪ್ಪ ಮಣ್ಣಿನ ಗೋಡೆ, ಹಂಚಿನ ಮಾಡು, ತಂಪಾದ ಒಳಕೋಣೆ ಇವುಳ್ಳ ಹಳೆಯ ಮನೆಗಳಲ್ಲಿ ಕೆಲವು ಗೆಲ್ಲಬಹುದು. ಅಂಥವರು ದೀಪಾವಳಿ ಕಳೆದ ಮೇಲೆ, ಮಳೆಯೂ ಸೆಕೆಯೂ ಕಡಿಮೆಯಿರುವಾಗ ಮೊಲವನ್ನು ತಂದರೆ, ಬೇಸಗೆಯ ಮೊದಲು ಅದಕ್ಕೆ ಸ್ಥಳವು ರೂಢಿಯಾಗುತ್ತದೆ.