ಕಾತ್ರಜದ ಘಟ್ಟದಲ್ಲಿ ಒಂದು ವಿಂಚ್

ಪುಣೆಯಿಂದ ಊರಿಗೆ ಹೊರಡುವ ಕನ್ನಡಿಗನಿಗೆ ಕಾತ್ರಜವೆಂಬುದು ಒಂದು ಹೊಸ್ತಿಲು. ಸ್ವಾರಗೇಟಿನಿಂದ ಸಾತಾರೆಯ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಸಾಗಿದರೆ ಮೊದಲು ಕಾತ್ರಜ, ಬಳಿಕ ಘಟ್ಟ, ಘಟ್ಟದ ನೆತ್ತಿಯಲ್ಲಿ ಹಳೆಯ ಸುರಂಗ. ಸುರಂಗದಾಚೆಗೆ ಸಾತಾರೆ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳ ದಾರಿ. ಹಬ್ಬಕ್ಕೆಂದೋ ಮದುವೆಗೆಂದೋ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ನಮ್ಮ ವಾಚಕರಲ್ಲಿ ಅನೇಕರು ಈ ಘಟ್ಟದ ತಿರುವುಗಳನ್ನು ನಿದ್ದೆಗಣ್ಣಿನಲ್ಲಿಯೂ ಎಣಿಸಬಲ್ಲರು. ಹೊರಮಾರ್ಗದ ಹೊಸ ಜೋಡಿ ಸುರಂಗವಾದ ಮೇಲೆ ಭಾರಿ ವಾಹನಗಳಲ್ಲಿ ಹೆಚ್ಚಿನವು ಆ ದಾರಿಯನ್ನು ಹಿಡಿದಿರುವವಾದರೂ ಹಳೆಯ ರಸ್ತೆಯೇನೂ ನಿರ್ಜನವಾಗಿಲ್ಲ.

ಈಚೆಗೊಂದು ಮುಂಜಾನೆ ನಾವು ಆ ಹಳೆಯ ರಸ್ತೆಯಿಂದ ಇಳಿದು ಬರುತ್ತಿದ್ದಾಗ ಒಂದು ತಿರುವಿನಲ್ಲಿ ವಾಹನಗಳ ಸಾಲು ನಿಂತಿರುವುದು ಕಂಡಿತು. ಈರುಳ್ಳಿ ತುಂಬಿದ ಲಾರಿಯೊಂದು ಅಂಚು ತಪ್ಪಿ, ರಸ್ತೆಯ ಕೆಳಗಿನ ಇಳಿಜಾರಿನಲ್ಲಿ ಮಣ್ಣಿಗೆ ಹೂತು ನಿಂತಿತ್ತು. ದೇವರ ದಯೆಯಿಂದ ಚಾಲಕನಿಗೂ ಕ್ಲೀನರ್ ಹುಡುಗನಿಗೂ ತರಚುಗಾಯಗಳ ಹೊರತು ಹೆಚ್ಚಿನ ಅಪಾಯವಾಗಿರಲಿಲ್ಲ. ಅದನ್ನು ಮೇಲೆತ್ತಲು ಬಂದ ವಾಹನದ ಬೆನ್ನ ಮೇಲೆ ಒಂದು ಉಕ್ಕಿನ ಉರುಳೆ; ಉರುಳೆಗೆ ಸುತ್ತಿದ ತಂತಿಹಗ್ಗ. ಹಗ್ಗದ ಕೊಕ್ಕೆಯನ್ನು ಲಾರಿಯ ಚೌಕಟ್ಟಿಗೆ ಸಿಕ್ಕಿಸಿ ಯಂತ್ರವನ್ನು ಚಾಲೂ ಮಾಡಿದೊಡನೆ ಹಗ್ಗವು ವೀಣೆಯ ತಂತಿಯಂತೆ ಬಿಗಿಯಿತು. ಸುತ್ತಲೂ ಜನ ನೆರೆದರು.

ಆ ಜನರ ನಡುವೆ ಹೋಟೆಲಿನ ಅಂಗಿ ತೊಟ್ಟ ತರುಣನೊಬ್ಬನಿದ್ದನು. ಕೈಯಲ್ಲಿ ಮೊಬೈಲು ಹಿಡಿದು, ಒಳ್ಳೆಯ ಚಿತ್ರ ಸಿಗಲೆಂದು, ಬಿಗಿದ ಹಗ್ಗವನ್ನು ದಾಟಲು ಒಂದು ಕಾಲನ್ನು ಆಚೆ ಇಟ್ಟನು. ಯಂತ್ರ ನಡೆಸುತ್ತಿದ್ದವನು ತಕ್ಷಣವೇ ಅದನ್ನು ನಿಲ್ಲಿಸಿ ಮರಾಠಿಯಲ್ಲಿ ಜೋರಾಗಿ ಗದರಿದನು. ತರುಣನು ಹಿಂದೆ ಸರಿದು, ಮೋರೆ ಸಣ್ಣದು ಮಾಡಿಕೊಂಡು, ಅಚ್ಚ ಕನ್ನಡದಲ್ಲಿ ಗೊಣಗಿದನು: “ಹಗ್ಗ ದಾಟಿದರೆ ಇವನ ಗಂಟೇನು ಹೋಗುತ್ತದೆ?”

ಗಂಟು ಹೋಗುವುದು ಆತನದಲ್ಲ, ತರುಣನದೇ ಎಂಬುದನ್ನು ವಿವರಿಸುವುದಕ್ಕಾಗಿ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಇಳಿಯುವುದು ಸುಲಭ

ಕಾತ್ರಜದ ಹೆಸರು ಪುಣೆಯ ಇತಿಹಾಸದಲ್ಲಿ ಉಳಿದಿರುವುದು ನೀರಿನಿಂದ. 18ನೆಯ ಶತಮಾನದ ಮಧ್ಯದಲ್ಲಿ, ಸುಮಾರು 1750ರ ಹೊತ್ತಿಗೆ, ನಾನಾಸಾಹೇಬ ಪೇಶ್ವೆಯು ಇಲ್ಲಿ ಕೆರೆಯನ್ನು ಕಟ್ಟಿಸಿ, ನೆಲದೊಳಗಿನ ಕಲ್ಲುಗಾಲುವೆಯ ಮೂಲಕ ಆ ನೀರನ್ನು ಶನಿವಾರವಾಡೆಗೂ ಪೇಟೆಗಳ ಹೌಜುಗಳಿಗೂ ಮುಟ್ಟಿಸಿದನು. ಅಷ್ಟು ದೂರ ನೀರನ್ನು ಸಾಗಿಸಲು ಯಾವ ಯಂತ್ರವೂ ಬೇಕಾಗಲಿಲ್ಲ. ಕಾತ್ರಜವು ಮೇಲೆ, ಪುಣೆಯು ಕೆಳಗೆ. ನೀರು ತನ್ನ ಭಾರದಿಂದ ತಾನೇ ಇಳಿದು ಹೋಯಿತು.

ಆದರೆ ನೀರಿಗೆ ನೆರವಾದ ಇಳಿಜಾರೇ ಲಾರಿಗೆ ವೈರಿ. ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿತದಲ್ಲಿ 2022ರ ನವೆಂಬರ್ 20ರ ರಾತ್ರಿ ಒಂದು ಟ್ಯಾಂಕರು ಹತೋಟಿ ತಪ್ಪಿ ನುಗ್ಗಿದಾಗ 48ರಷ್ಟು ವಾಹನಗಳು ಜಖಂಗೊಂಡುದು ಪುಣೆಯಲ್ಲಿರುವ ನಮ್ಮ ವಾಚಕರಿಗೆ ನೆನಪಿರಬಹುದು. ಭಾರವಾದ ವಸ್ತು ಇಳಿಯುವಾಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಅದನ್ನು ಮತ್ತೆ ಮೇಲೇರಿಸಬೇಕಾದರೆ ಮಾತ್ರ ಲೆಕ್ಕ ಹಾಕಬೇಕಾಗುವುದು. 15 ಟನ್ನು ತೂಕದ ಲಾರಿಯೊಂದು, 5 ಅಡಿ ಸಾಗಿದರೆ 1 ಅಡಿ ಏರುವಂಥ ಇಳಿಜಾರಿನಲ್ಲಿದೆ ಎಂದುಕೊಳ್ಳೋಣ. ಘರ್ಷಣೆಯನ್ನು ಬಿಟ್ಟರೂ ಅದನ್ನು ಎಳೆಯಲು 3 ಟನ್ನಿನ ಸೆಳೆತ ಬೇಕು. ಚಕ್ರಗಳು ಮಣ್ಣಿನಲ್ಲಿ ಹೂತಿದ್ದರೆ ಇನ್ನೂ ಹೆಚ್ಚು ಬೇಕು. ನೂರು ಜನ ಕೂಡಿ ತೇರಿನಂತೆ ಎಳೆಯಬೇಕಾದ ಈ ಭಾರವನ್ನು ಒಂದು ಚಿಕ್ಕ ಉರುಳೆ ಎಳೆಯುವುದು ಹೇಗೆ?

ರಾಟೆಗೂ ವಿಂಚಿಗೂ ಅಂತರ

ನಮ್ಮ ಊರ ಬಾವಿಗಳ ಮೇಲಿನ ರಾಟೆಯನ್ನು ಬಲ್ಲದವರಿಲ್ಲ. ಆ ರಾಟೆಯು ಎಳೆತದ ದಿಕ್ಕನ್ನು ಮಾತ್ರ ಬದಲಾಯಿಸುವುದು. ಮೇಲಕ್ಕೆತ್ತುವ ಬದಲು ಕೆಳಕ್ಕೆ ಜಗ್ಗುವ ಅನುಕೂಲವನ್ನು ಕೊಡುವುದು. ಕೊಡದ ತೂಕ 15 ಕಿಲೋ ಆಗಿದ್ದರೆ ಜಗ್ಗುವವನೂ 15 ಕಿಲೋ ಜಗ್ಗಲೇಬೇಕು.

ವಿಂಚಿನ ರೀತಿ ಬೇರೆ. ಅದರಲ್ಲಿ ಹಗ್ಗವು ಉರುಳೆಯ ಮೇಲೆ ಸುತ್ತಿಕೊಳ್ಳುವುದು. ಉರುಳೆಯನ್ನು ಉದ್ದವಾದ ಹಿಡಿಕೆಯಿಂದ ತಿರುಗಿಸುವರು. ಉರುಳೆಯ ಅರೆವ್ಯಾಸ 10 ಸೆಂಟಿಮೀಟರು, ಹಿಡಿಕೆಯ ಉದ್ದ 40 ಸೆಂಟಿಮೀಟರು ಆಗಿದ್ದರೆ, 15 ಕಿಲೋ ಬಲದಿಂದ ಹಿಡಿಕೆಯನ್ನು ಒತ್ತಿದಾಗ ಹಗ್ಗದಲ್ಲಿ 60 ಕಿಲೋ ಸೆಳೆತ ಹುಟ್ಟುವುದು. ನಡುವೆ ಒಂದಕ್ಕೆ ಐದರಂತೆ ಹಲ್ಲುಗಾಲಿಗಳನ್ನು ಜೋಡಿಸಿದರೆ ಅದೇ ಕೈ 300 ಕಿಲೋ ಎಳೆಯುವುದು. ಕೈಯ ಬದಲು ಮೋಟಾರನ್ನಿಟ್ಟರೆ ಟನ್ನುಗಟ್ಟಲೆ ಎಳೆಯುವುದು.

ಇದೇನು ಇಂದ್ರಜಾಲವೇ? ಅಲ್ಲ. ಲೆಕ್ಕ ಬರೆಯುವ ನಮ್ಮ ಬಂಧುಗಳಿಗೆ ಇದು ಕೂಡಲೆ ತಿಳಿಯುವುದು. ಬಲವನ್ನು ಇಪ್ಪತ್ತು ಪಟ್ಟು ಜಮಾ ಮಾಡಿದವನು ದೂರವನ್ನು ಇಪ್ಪತ್ತು ಪಟ್ಟು ಖರ್ಚು ಹಾಕಬೇಕು: ಹಗ್ಗವು 1 ಮೀಟರು ಬರಬೇಕಾದರೆ ಕೈಯು 20 ಮೀಟರು ತಿರುಗಬೇಕು. ಇದರ ಮೇಲೆ ಘರ್ಷಣೆಯೆಂಬ ದಲ್ಲಾಳಿಯ ಕಮಿಷನ್ ಬೇರೆ. ವಿಂಚು ನಿಧಾನವಾಗಿ ಎಳೆಯುವುದನ್ನು ಕಂಡು ನೆರೆದವರು ಬೇಸರಪಡುವರು. ಆ ನಿಧಾನವೇ ಅದು ತೆರುತ್ತಿರುವ ಬೆಲೆ.

ಈ ಉಪಾಯವು ಬಹು ಪುರಾತನವಾದುದು. ಕ್ರಿ.ಪೂ. 480ರಲ್ಲಿ ಪಾರಸಿಕ ದೊರೆ ಕ್ಸೆರ್ಕ್ಸಿಸನು ಗ್ರೀಸಿನ ಮೇಲೆ ದಂಡೆತ್ತಿ ಹೋಗುವಾಗ ಹೆಲೆಸ್ಪಾಂಟ್ ಜಲಸಂಧಿಗೆ ದೋಣಿಗಳ ಸೇತುವೆಯನ್ನು ಕಟ್ಟಿಸಿದನು. ಅದರ ಭಾರಿ ಹಗ್ಗಗಳನ್ನು ಮರದ ಉರುಳೆಗಳಿಂದ ಸುತ್ತಿ ಬಿಗಿದರೆಂದು ಇತಿಹಾಸಕಾರ ಹೆರೊಡೋಟಸನು ಬರೆದಿರುವನು. ಮುನ್ನೂರು ವರ್ಷಗಳ ಹಿಂದಿನ ಕಾತ್ರಜದ ಕೆರೆಯನ್ನು ಹಳೆಯದೆನ್ನುವ ನಮಗೆ ಎರಡೂವರೆ ಸಾವಿರ ವರ್ಷಗಳ ಈ ಯಂತ್ರವು ಅಜ್ಜನ ಅಜ್ಜನಾಗಬೇಕು.

ಹಿಡಿದುದನ್ನು ಬಿಡದ ಹಲ್ಲು

ಎಳೆಯುವುದು ವಿಂಚಿನ ಅರ್ಧ ಕೆಲಸ ಮಾತ್ರ. ಎಳೆದುದನ್ನು ಹಿಂದಕ್ಕೆ ಬಿಡದಿರುವುದು ಉಳಿದರ್ಧ. ಕೈವಿಂಚನ್ನು ತಿರುಗಿಸುವಾಗ ‘ಟಕ್ ಟಕ್’ ಎಂಬ ಸದ್ದು ಕೇಳಿಬರುವುದು. ಉರುಳೆಯ ಪಕ್ಕದಲ್ಲಿ ಓರೆಹಲ್ಲುಗಳ ಚಕ್ರವೊಂದುಂಟು. ಅದರ ಮೇಲೆ ಉಕ್ಕಿನ ಒಂದು ನಾಲಿಗೆ. ಚಕ್ರವು ಮುಂದಕ್ಕೆ ತಿರುಗಿದರೆ ನಾಲಿಗೆಯು ಹಲ್ಲಿನಿಂದ ಹಲ್ಲಿಗೆ ಜಾರಿ ಬೀಳುವುದು. ಹಿಂದಕ್ಕೆ ತಿರುಗಹೋದರೆ ಹಲ್ಲಿಗೆ ಅಡ್ಡವಾಗಿ ನಿಂತು ತಡೆಯುವುದು. ಕೈಸೋತವನು ಹಿಡಿಕೆಯನ್ನು ಬಿಟ್ಟು ಬೆವರೊರೆಸಿಕೊಂಡರೂ ಭಾರವು ಇದ್ದಲ್ಲಿಯೇ ಇರುವುದು. ಮೋಟಾರಿನ ವಿಂಚುಗಳಲ್ಲಿ ಇದೇ ಕೆಲಸವನ್ನು ಬ್ರೇಕು ಮಾಡುವುದು.

ಮುಂಬಯಿಯ ಕಚೇರಿಗಳಲ್ಲಿ ದಿನವೂ ಲಿಫ್ಟು ಹತ್ತುವ ಗುಮಾಸ್ತರು ಈ ಹಲ್ಲಿಗೆ ಋಣಿಗಳು. 1854ರಲ್ಲಿ ಎಲೈಶಾ ಓಟಿಸ್ ಎಂಬಾತನು ನ್ಯೂಯಾರ್ಕಿನ ಪ್ರದರ್ಶನದಲ್ಲಿ ತಾನು ನಿಂತಿದ್ದ ಎತ್ತುಗಟ್ಟೆಯ ಹಗ್ಗವನ್ನು ಎಲ್ಲರ ಮುಂದೆಯೇ ಕಡಿಸಿದನು. ಗಟ್ಟೆಯು ಬೀಳಲಿಲ್ಲ, ಹಗ್ಗ ಸಡಿಲಾದ ಕೂಡಲೆ ಸ್ಪ್ರಿಂಗು ಬಿಚ್ಚಿಕೊಂಡು ಇಕ್ಕೆಲದ ಕಂಬಗಳ ಹಲ್ಲುಗಳಲ್ಲಿ ಸಿಕ್ಕಿಬಿದ್ದಿತು. ಹತ್ತಾರು ಅಂತಸ್ತಿನ ಕಟ್ಟಡಗಳಲ್ಲಿ ಜನರು ನೆಮ್ಮದಿಯಿಂದ ಮೇಲೇರಲಾರಂಭಿಸಿದುದು ಇಂಥ ರಕ್ಷಣೆ ದೊರೆತ ಮೇಲೆ.

ಉರುಳೆಯ ಮೇಲಿನ ಸುತ್ತುಗಳಿಗೂ ಇಂಥದೇ ಒಂದು ಗುಣವುಂಟು. ತಾರಿಯ ದೋಣಿಯವನು ದಡಕ್ಕೆ ಬಂದೊಡನೆ ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಸುತ್ತಿ, ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲುವುದನ್ನು ಕರಾವಳಿಯ ವಾಚಕರು ಕಂಡಿರಬೇಕು. ಹೊಳೆಯ ಸೆಳೆತವು ಆ ಎರಡು ಬೆರಳಿಗೆ ಸೋಲುವುದು. ಸಾಧಾರಣ ಘರ್ಷಣೆಯಲ್ಲಿ ಒಂದು ಸುತ್ತು ಹಿಡಿತವನ್ನು ಸುಮಾರು ಐದು ಪಟ್ಟು ಮಾಡಿದರೆ, ಎರಡು ಸುತ್ತು ಇಪ್ಪತ್ತಕ್ಕೂ ಹೆಚ್ಚು ಪಟ್ಟು, ಮೂರು ಸುತ್ತು ನೂರು ಪಟ್ಟನ್ನು ಮೀರುವುದು. 18ನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರನು ಇದರ ಸೂತ್ರವನ್ನು ಕಂಡುಹಿಡಿದನು. ತಂತಿಹಗ್ಗವನ್ನು ಎಷ್ಟೇ ಉದ್ದ ಬಿಟ್ಟರೂ ಉರುಳೆಯ ಮೇಲೆ ನಾಲ್ಕೈದು ಸುತ್ತುಗಳನ್ನು ಉಳಿಸಲೇಬೇಕೆಂಬ ನಿಯಮದ ಗುಟ್ಟು ಇದೇ. ಭಾರವನ್ನು ತಡೆಯುವುದು ಆ ಸುತ್ತುಗಳೇ ಹೊರತು ಹಗ್ಗದ ತುದಿಯನ್ನು ಬಿಗಿದ ಮೊಳೆಯಲ್ಲ.

ಕೋಲಾರದ ಹಗ್ಗಗಳು

ನಮ್ಮ ನಾಡಿನಲ್ಲಿ ಉರುಳೆಯನ್ನೂ ಹಗ್ಗವನ್ನೂ ನಂಬಿ ಬದುಕಿದ ಒಂದು ಊರೇ ಇದ್ದಿತು. ಕೋಲಾರದ ಚಿನ್ನದ ಗಣಿಗಳಲ್ಲಿ 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತ ಆರಂಭವಾಯಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿಯು ಕೊನೆಗೆ 3 ಕಿಲೋಮೀಟರಿಗೂ ಹೆಚ್ಚು ಆಳವಾಯಿತು. ಅಷ್ಟು ಆಳಕ್ಕೆ ಮೆಟ್ಟಿಲಿಳಿದು ಹೋಗುವಂತಿಲ್ಲ. ಪಾಳಿಯ ಹೊತ್ತಿಗೆ ಕಾರ್ಮಿಕರು ಕಬ್ಬಿಣದ ಪಂಜರದಲ್ಲಿ ನಿಲ್ಲುವರು. ಮೇಲೆ ಮನೆಯಷ್ಟು ದೊಡ್ಡ ವಿಂಚಿನಿಂದ ಹಗ್ಗವು ಬಿಚ್ಚಿಕೊಳ್ಳುವುದು. ಹಗ್ಗದ ತೂಕವೇ ಹಗ್ಗಕ್ಕೆ ಭಾರವಾಗುವುದರಿಂದ ಅತ್ಯಂತ ಆಳದ ನೆಲೆಗಳಿಗೆ ಹಂತಹಂತವಾಗಿ, ಒಂದು ಪಂಜರದಿಂದ ಇನ್ನೊಂದಕ್ಕೆ ಹೋಗಬೇಕಾಗಿತ್ತು. ಯಂತ್ರ ನಡೆಸುವವನಿಗೆ ಪಂಜರವು ಕಾಣದು. ಗಂಟೆಯ ಸಂಕೇತವನ್ನೂ ಆಳ ತೋರಿಸುವ ಮುಳ್ಳನ್ನೂ ನೋಡಿ ಅವನು ಅಷ್ಟು ಜನರ ಪ್ರಾಣವನ್ನು ಇಳಿಸಿ ಏರಿಸುತ್ತಿದ್ದನು. 2001ರ ಫೆಬ್ರವರಿ 28ರಂದು ಆ ಗಣಿಗಳು ಮುಚ್ಚಿದುವು.

ಇಂಥ ಗಣಿಗಳಿಂದಲೇ ತಂತಿಹಗ್ಗವು ಜಗತ್ತಿಗೆ ಬಂದುದು. ಮೊದಲು ನಾರಿನ ಹಗ್ಗ, ಕಬ್ಬಿಣದ ಸರಪಳಿಗಳನ್ನು ಬಳಸುತ್ತಿದ್ದರು. ಸರಪಳಿಯ ಒಂದು ಕೊಂಡಿ ಮುರಿದರೆ ಮುನ್ಸೂಚನೆಯಿಲ್ಲದೆ ಎಲ್ಲವೂ ಮುರಿದಂತೆ. 1834ರಲ್ಲಿ ಜರ್ಮನಿಯ ಹಾರ್ಟ್ಸ್ ಗಣಿಗಳ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟನು ತಂತಿಗಳನ್ನು ಹೊಸೆದು ಹಗ್ಗ ಮಾಡಿಸಿದನು. ಒಂದು ತಂತಿ ಹರಿದರೂ ಉಳಿದುವು ಭಾರ ಹೊರುವುವು. ಹರಿದ ತುದಿಗಳು ಮುಳ್ಳಿನಂತೆ ಹೊರಗೆದ್ದು ಎಚ್ಚರಿಕೆ ಕೊಡುವುವು. ಗಣಿಗಳಲ್ಲಿ ನಿಯತಕಾಲಕ್ಕೆ ಹಗ್ಗವನ್ನು ಪರೀಕ್ಷಿಸಿ, ಸವೆದುದನ್ನು ಕಿತ್ತೆಸೆಯುವ ಕಟ್ಟುನಿಟ್ಟಿನ ಪದ್ಧತಿಯುಂಟು. ರಸ್ತೆಯ ಬದಿಯಲ್ಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿದ ಹಗ್ಗಕ್ಕೆ ಅಷ್ಟು ಆರೈಕೆ ದೊರೆತಿದೆಯೇ ಎಂಬುದನ್ನು ನೋಡಲು ನಿಂತ ನಾವು ಅರಿಯುವ ಬಗೆಯಿಲ್ಲ.

ದೂರ ನಿಲ್ಲಬೇಕಾದುದೇಕೆ?

ಈಗ ತರುಣನ ಪ್ರಶ್ನೆಗೆ ಬರೋಣ. ಬಿಗಿದ ಹಗ್ಗವು ನೋಡುವುದಕ್ಕೆ ನಿಶ್ಚಲ. ಆದರೆ ಟನ್ನುಗಳ ಸೆಳೆತದಲ್ಲಿ ಅದು ಸ್ವಲ್ಪ ಹಿಗ್ಗಿರುವುದು. ಹಿಗ್ಗಿದುದರಲ್ಲಿ ಶಕ್ತಿಯು ಬಿಲ್ಲಿನ ಹೆದೆಯಲ್ಲಿರುವಂತೆ ಕೂಡಿಕೊಂಡಿರುವುದು. ಹಗ್ಗ ಹರಿದರೆ, ಕೊಕ್ಕೆ ಕಳಚಿದರೆ, ಲಾರಿಯ ಕಡೆಯ ಆಧಾರ ಕಿತ್ತುಬಂದರೆ, ಆ ಶಕ್ತಿಯೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಬೀಳುವುದು. ತಂತಿಹಗ್ಗದ ತುದಿಯು ಚಾವಟಿಯಂತೆ ಬೀಸುವುದು. ಕೊಕ್ಕೆಯು ಗುಂಡಿನಂತೆ ಹಾರುವುದು. ಕಂಡು ತಪ್ಪಿಸಿಕೊಳ್ಳುವಷ್ಟು ವೇಳೆ ಯಾರಿಗೂ ಸಿಗುವುದಿಲ್ಲ. ಕಾಲು ಹಗ್ಗದ ಮೇಲಿದ್ದರೆ ಹೇಳತಕ್ಕದ್ದೇ ಇಲ್ಲ.

ಆದುದರಿಂದ ನಮ್ಮ ವಾಚಕರು ಕೆಲವು ಸಂಗತಿಗಳನ್ನು ಗಮನದಲ್ಲಿಡಬೇಕೆಂದು ಬೇಡುತ್ತೇವೆ. ಬಿಗಿದ ಹಗ್ಗವನ್ನು ಎಂದೂ ದಾಟಬಾರದು, ಮುಟ್ಟಬಾರದು. ಹಗ್ಗವು ಎಷ್ಟು ಉದ್ದ ಚಾಚಿದೆಯೋ ಅಷ್ಟಾದರೂ ದೂರದಲ್ಲಿ ನಿಲ್ಲಬೇಕು. ಹಗ್ಗವನ್ನು ಮರಕ್ಕೋ ಬಂಡೆಗೋ ಕಟ್ಟಿದ ರಾಟೆಯ ಮೂಲಕ ತಿರುಗಿಸಿದ್ದರೆ ಆ ತಿರುವಿನ ಒಳಮೂಲೆಯಲ್ಲಿ ಯಾರೂ ಇರಕೂಡದು. ರಾಟೆ ಕಳಚಿದರೆ ಹಗ್ಗವು ಹಾಯುವುದು ಅಲ್ಲಿಯೇ. ಎಳೆಯುತ್ತಿರುವ ವಾಹನದ ಕೆಳಗಡೆ, ಇಳಿಜಾರಿನಲ್ಲಿ, ನಿಲ್ಲುವುದು ಮೂರ್ಖತನ. ಸಹಾಯಕ್ಕೆ ಕರೆದರೆ, ಹಗ್ಗವು ಸಡಿಲಾಗಿರುವಾಗ ಮಾತ್ರ, ತೊಗಲಿನ ಕೈಗವಸು ತೊಟ್ಟು ಮುಟ್ಟಬೇಕು. ಹರಿದ ತಂತಿಯ ಮುಳ್ಳು ಅಂಗೈಯನ್ನು ಸೀಳಿಬಿಡುವುದು. ಬಿಗಿದ ಹಗ್ಗದ ನಡುವೆ ದಪ್ಪನೆಯ ಕಂಬಳಿಯನ್ನೋ ಮಣ್ಣು ತುಂಬಿದ ಚೀಲವನ್ನೋ ಹೊದಿಸುವುದನ್ನು ಕಂಡು ನಗಬಾರದು. ಹರಿದಾಗ ಹಗ್ಗವನ್ನು ನೆಲಕ್ಕೆ ಒತ್ತಿಹಿಡಿಯುವ ಉಪಾಯವದು. ಅಪಾಯವನ್ನು ಕಡಿಮೆ ಮಾಡುವುದೇ ಹೊರತು ಇಲ್ಲವಾಗಿಸದು.

ಹೋಟೆಲಿನ ಕೆಲಸದವನಿಗೆ, ಕಚೇರಿಯ ಗುಮಾಸ್ತನಿಗೆ ಇದರ ಗೊಡವೆಯೇನೆಂದು ಕೆಲವರು ಕೇಳಬಹುದು. ರಸ್ತೆಯಲ್ಲಿ ಏನಾದರೂ ನಡೆದಾಗ ಮೊದಲು ಓಡಿ ಬರುವವರು ಹೆದ್ದಾರಿಯ ಬದಿಯ ಹೋಟೆಲಿನ ಹುಡುಗರೇ. ಅವರ ಒಳ್ಳೆಯ ಮನಸ್ಸಿನಿಂದ ಎಷ್ಟೋ ಜೀವಗಳು ಉಳಿದಿವೆ. ಗಾಯಗೊಂಡವನನ್ನು ಎತ್ತಲು ಓಡಿ ಹೋಗಬೇಕಾದುದು ಧರ್ಮ. ಗಾಯಾಳುಗಳೆಲ್ಲ ಹೊರಬಂದ ಮೇಲೆ, ಲಾರಿಯನ್ನು ಎಳೆಯುವಾಗ, ಹಿಂದೆ ಸರಿಯುವುದು ಅಷ್ಟೇ ಧರ್ಮ. ಮನೆಯವರು ತಿಂಗಳ ಮನಿಯಾರ್ಡರಿನ ಹಣಕ್ಕಿಂತ ಅದನ್ನು ಕಳಿಸುವ ಕೈಗಾಗಿ ಹೆಚ್ಚು ಕಾದಿರುವರು.

ಆ ಮುಂಜಾನೆ ಕಾತ್ರಜದಲ್ಲಿ ನಾವು ಮುಕ್ಕಾಲು ಗಂಟೆ ನಿಂತೆವು. ಹಗ್ಗವು ಗೇಣುಗೇಣಾಗಿ ಬಂದಿತು. ನಡುವೆ ಎರಡು ಬಾರಿ ಯಂತ್ರವನ್ನು ನಿಲ್ಲಿಸಿ, ಆತನು ಕೊಕ್ಕೆಯನ್ನು ಪರೀಕ್ಷಿಸಿ ಬಂದನು. ಕಡೆಗೆ ಲಾರಿಯು ಮೈಯೆಲ್ಲ ಮಣ್ಣಾಗಿ ರಸ್ತೆಗೆ ಏರಿತು. ಆಗಲೂ ಆತನು ಹಗ್ಗವನ್ನು ಬಿಚ್ಚಲಿಲ್ಲ. ಮೊದಲು ಲಾರಿಯ ಚಕ್ರಗಳಿಗೆ ಕಲ್ಲಿಟ್ಟು, ಬಳಿಕ ಸಡಿಲಿಸಿದನು. ಈ ನಡುವೆ ನಾವು ಆ ತರುಣನಿಗೆ ಮೇಲಿನ ಮಾತುಗಳಲ್ಲಿ ನಾಲ್ಕನ್ನು ನಮ್ಮ ಭಾಷೆಯಲ್ಲಿ ಹೇಳಿದ್ದೆವು. ಹೊರಡುವಾಗ ತಿರುಗಿ ನೋಡಿದರೆ, ಇನ್ನೊಂದು ಬಸ್ಸಿನಿಂದ ಇಳಿದು ಮುಂದೆ ನುಗ್ಗುತ್ತಿದ್ದ ಇಬ್ಬರನ್ನು ಅವನು ರಟ್ಟೆ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದನು.