ಕೃತಕ ರೋಗಿ ಮತ್ತು ಶುಶ್ರೂಷಾ ಶಿಕ್ಷಣ

ಲೆಕ್ಕದ ಪುಸ್ತಕದಲ್ಲಾದ ತಪ್ಪನ್ನು ಮರುದಿನ ತಿದ್ದಬಹುದು. ರೋಗಿಯ ರಕ್ತನಾಳವನ್ನು ಸೇರಿದ ತಪ್ಪು ಔಷಧವನ್ನು ಮರಳಿ ಪಡೆಯಲಾಗದು. ಆದರೂ ಪ್ರತಿಯೊಬ್ಬ ದಾದಿಯೂ ಒಂದು ದಿನ ಮೊದಲ ಸಲ ಸೂಜಿ ಹಿಡಿಯಲೇಬೇಕು. ಆ ಮೊದಲ ಸಲ ಯಾರ ಮೇಲೆ? ಈ ಪ್ರಶ್ನೆಗೆ ಶುಶ್ರೂಷಾ ಶಿಕ್ಷಣವು ಕಂಡುಕೊಂಡ ಉತ್ತರಗಳಲ್ಲೊಂದು ಕೃತಕ ರೋಗಿ.

ಗೊಂಬೆಯ ಇತಿಹಾಸ

1911ರಲ್ಲಿ ಅಮೆರಿಕೆಯ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿಯರ ಶಾಲೆಗೆ ಆಳೆತ್ತರದ ಗೊಂಬೆಯೊಂದು ಬಂದಿತು. ಮಾರ್ಥಾ ಚೇಸ್ ಎಂಬ ಮಹಿಳೆಯ ಕಾರ್ಯಾಗಾರದಲ್ಲಿ ತಯಾರಾದ ಅದಕ್ಕೆ 'ಮಿಸೆಸ್ ಚೇಸ್' ಎಂಬ ಹೆಸರೇ ನಿಂತಿತು. ರೋಗಿಯ ಮಗ್ಗುಲು ಬದಲಿಸುವುದನ್ನೂ ಎತ್ತಿ ಕೂರಿಸುವುದನ್ನೂ ವಿದ್ಯಾರ್ಥಿನಿಯರು ಅದರ ಮೇಲೆ ಅಭ್ಯಾಸ ಮಾಡಿದರು. 1960ರಲ್ಲಿ ನಾರ್ವೆಯ ಆಸ್ಮುಂಡ್ ಲೇರ್ಡಾಲ್, ಬಾಯಿಗೆ ಬಾಯಿಟ್ಟು ಉಸಿರೂದುವ ಅಭ್ಯಾಸಕ್ಕಾಗಿ 'ರೆಸಸಿ ಆ್ಯನ್' ಗೊಂಬೆಯನ್ನು ಹೊರತಂದರು. ಇಂದಿನ ಗೊಂಬೆಗಳ ಎದೆ ಏರಿಳಿಯುತ್ತದೆ, ನಾಡಿ ಮಿಡಿಯುತ್ತದೆ. ಪಕ್ಕದ ಕೋಣೆಯಲ್ಲಿ ಕುಳಿತ ಅಧ್ಯಾಪಕರು ಕಂಪ್ಯೂಟರಿನ ಮೂಲಕ ಅದರ ರಕ್ತದೊತ್ತಡವನ್ನು ಇಳಿಸಬಲ್ಲರು.

ವಿದ್ಯಾರ್ಥಿಗಳ ಅನುಭವ

ಗೊಂಬೆಯೊಡನೆ ಮಾತನಾಡಲು ವಿದ್ಯಾರ್ಥಿಗಳಿಗೆ ಮೊದಲಲ್ಲಿ ನಾಚಿಕೆ, ಕೆಲವರಿಗೆ ನಗು. ಅಷ್ಟರಲ್ಲಿ ಯಂತ್ರ ಕೂಗಿಕೊಳ್ಳುತ್ತದೆ, 'ರೋಗಿ'ಯ ಹೃದಯ ನಿಲ್ಲುತ್ತದೆ. ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿಗೆ ಕಡಮೆಯಾಗದಂತೆ ಎದೆಯನ್ನು ಒತ್ತಬೇಕೆಂದು ಪುಸ್ತಕದಲ್ಲಿ ಓದಿದ್ದವರಿಗೆ, ಎರಡೇ ನಿಮಿಷದಲ್ಲಿ ತೋಳು ಸೋಲುವುದು ಅರಿವಾಗುತ್ತದೆ. ವೈದ್ಯರನ್ನು ಕರೆಯುವವರು ಯಾರು, ಔಷಧ ಕೊಟ್ಟ ವೇಳೆಯನ್ನು ಬರೆದಿಡುವವರು ಯಾರು ಎಂಬ ಗೊಂದಲವೂ ಅಲ್ಲಿಯೇ ಬಯಲಾಗುತ್ತದೆ.

ನಿಜವಾದ ಪಾಠ ಇದರ ಅನಂತರದ್ದು. ಎಲ್ಲರೂ ವರ್ತುಲವಾಗಿ ಕುಳಿತು, ಏನು ನಡೆಯಿತು, ಏಕೆ ಹಾಗೆ ಮಾಡಿದೆವು, ಮುಂದೆ ಹೇಗೆ ಮಾಡಬೇಕು ಎಂದು ವಿಮರ್ಶಿಸುತ್ತಾರೆ. ತಪ್ಪನ್ನು ಗದರಿಕೆಯ ಭಯವಿಲ್ಲದೆ ಒಪ್ಪಿಕೊಳ್ಳುವ ಅಭ್ಯಾಸ ಇಲ್ಲಿ ಬೆಳೆಯುತ್ತದೆ. ವಾರ್ಡಿನಲ್ಲಿ ತಪ್ಪನ್ನು ಮುಚ್ಚಿಡುವ ದಾದಿಗಿಂತ ಕೂಡಲೇ ತಿಳಿಸುವ ದಾದಿಯಿಂದ ರೋಗಿಗೆ ಹೆಚ್ಚು ಕ್ಷೇಮ.

ಪ್ರಯೋಜನ ಮತ್ತು ಮಿತಿ

ಅಮೆರಿಕೆಯ ಹತ್ತು ಶುಶ್ರೂಷಾ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಸ್ಪತ್ರೆಯ ತರಬೇತಿಯ ಅರ್ಧದಷ್ಟನ್ನು ಈ ವಿಧಾನದಲ್ಲಿ ನಡೆಸಿದರೂ ಕಲಿಕೆ ಕುಂದುವುದಿಲ್ಲವೆಂದು ಕಂಡಿತು. ಆದರೆ ನುರಿತ ಅಧ್ಯಾಪಕರೂ ಸರಿಯಾದ ವಿಮರ್ಶೆಯೂ ಇರಬೇಕೆಂಬುದು ಅದರ ಷರತ್ತು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಜಾರಿಗೆ ತಂದ ಬಿ.ಎಸ್‌ಸಿ. ಪಠ್ಯಕ್ರಮದಲ್ಲಿಯೂ ಈ ವಿಧಾನಕ್ಕೆ ಸ್ಥಾನ ದೊರೆತಿದೆ.

ಆದರೂ ಗೊಂಬೆ ಗೊಂಬೆಯೇ. ಪರಭಾಷೆಯ ನಗರದಲ್ಲಿ ಮಗನ ಮನೆಗೆ ಬಂದು ಕಾಯಿಲೆ ಬಿದ್ದ ಅಜ್ಜಿ "ಸಂಕಟವಾಗುತ್ತಿದೆ" ಎಂದಾಗ, ಅದು ವಾಕರಿಕೆಯೋ ಎದೆಯ ತಳಮಳವೋ ಮನಸ್ಸಿನ ನೋವೋ ಎಂಬುದನ್ನು ಯಾವ ಯಂತ್ರವೂ ಕಲಿಸದು. ಅದಕ್ಕೆ ಹಾಸಿಗೆಯ ಬಳಿ ಕುಳಿತು ಕೇಳುವ ವ್ಯವಧಾನ ಬೇಕು. ಅರ್ಥ ಬಿಡಿಸಿ ಹೇಳುವ ಮನೆಯವರೂ ಬೇಕು. ತರಬೇತಿಯ ದಾದಿಯೊಬ್ಬಳು ಅಳುಕುತ್ತ ಹಾಸಿಗೆಯ ಬಳಿ ಬಂದಾಗ ಮನೆಯವರು ಸಿಡಿಮಿಡಿಗೊಳ್ಳದೆ ಆ ನೆರವನ್ನು ನೀಡಿದರೆ, ಆಕೆಯ ಕಲಿಕೆಗೂ ರೋಗಿಯ ಆರೈಕೆಗೂ ಹಿತವಾದೀತು.